ಮಳವಲಿಯ ಲಕ್ಷ್ಮಿ, ಕಟ್ಟಿಂಗೇರಿಯ ಗೆರೆ

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಹೇಗೋ ಭೀಮಸೇನ ಜೋಶಿಯವರ ಹತ್ತಿರ ಬಂದು ನಿಲ್ಲುತ್ತದೆ. ಬರಬೇಕಾದ್ದೇ. ಗದಗಿನ ಹುಡುಗ ಪುಣೆಗೆ ಬಂದು, ಕುಂದಗೋಳದ ತನ್ನ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಸಂಗೀತೋತ್ಸವ ಶುರು ಮಾಡಿ, ಅದು ಈ ಊರಿನ ಹಬ್ಬವೇ ಆಗಿಹೋಯಿತು. ನಮ್ಮ ಪಕ್ಕದ ಮನೆಯ ಮರಾಠಿ ಮುದುಕರೊಬ್ಬರು ‘ಭೀಮಸೇನ್ ಆಮ್ಚೇ’ ಅಂದಾಗ ನಾನು ‘ಮೊದಲು ನಮ್ಮವರು’ ಅಂತ ನಗುತ್ತಾ ಹೇಳಿ ಚಹಾ ಕುಡಿದು ಬಂದದ್ದುಂಟು.

ಆದರೆ ಚಿತ್ರದ ಮಾತು ನಮ್ಮಲ್ಲಿ ಬರುವುದಿಲ್ಲ. ಹಾಡು ಕಿವಿಗೆ ತಾನಾಗಿ ಬೀಳುತ್ತದೆ. ಚಿತ್ರವನ್ನು ನಾವೇ ಹೋಗಿ ನೋಡಬೇಕು. ನನ್ನಂಥ ಎಂ.ಕಾಂ. ಮಾಡಿ, ಲೆಡ್ಜರು ವೋಚರು ಅಂತ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಹಾಗೆ ಹೋಗಿ ನೋಡುವ ಬುದ್ಧಿ ಬರಲು ಅರ್ಧ ಆಯುಷ್ಯ ಬೇಕಾಯಿತು. ಎರಡು ಚಿತ್ರಗಳು ಆ ಬುದ್ಧಿ ಕಲಿಸಿದವು. ಒಂದು ನಮ್ಮೂರಿನ ಮನೆಯ ಗೋಡೆಯ ಮೇಲಿದ್ದದ್ದು. ಇನ್ನೊಂದು ಪುಣೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದು. ಎರಡರ ಹಿಂದೆಯೂ ಒಂದೊಂದು ಚರಿತ್ರೆಯಿದೆ. ನಡುವೆ ನನ್ನ ಅಮ್ಮ ಇದ್ದಾಳೆ.

ನಮ್ಮದು ಉಡುಪಿಯ ಹತ್ತಿರದ ಒಂದು ಹಳ್ಳಿ. ಮಾಡಿನ ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ತೋಟ. ಚಾವಡಿಯ ಗೋಡೆಯಲ್ಲಿ ರವಿವರ್ಮನ ಲಕ್ಷ್ಮಿ. ತಾವರೆಯ ಮೇಲೆ ನಿಂತವಳು, ಪಕ್ಕದಲ್ಲಿ ಆನೆ. ಗಾಜಿನೊಳಗೆ ಬೆಳ್ಳಿಮೀನು ಹುಳ ಹೊಕ್ಕು ಆನೆಯ ಅರ್ಧ ಕಿವಿಯನ್ನು ತಿಂದಿತ್ತು. ಇಂಥ ಪಟ ಆಗ ಯಾರ ಮನೆಯಲ್ಲಿ ಇರಲಿಲ್ಲ ಹೇಳಿ! ಎಲ್ಲಿಂದ ಬಂತು, ಯಾರು ತಂದರು ಅಂತ ನಾವು ಯಾರೂ ಕೇಳಿದವರಲ್ಲ. ದೇವರು ಎಲ್ಲಿಂದ ಬಂದ ಅಂತ ಕೇಳುವುದುಂಟೇ?

ಅಪ್ಪ ತೀರಿಕೊಂಡ ಮೇಲೆ 1999ರಲ್ಲಿ ಅಮ್ಮ ಪುಣೆಗೆ ಬಂದಳು. ಅದಕ್ಕೆ ಮುಂಚಿನ ವರ್ಷವಷ್ಟೇ ಕೊಂಕಣ ರೈಲಿನ ದಾರಿ ಪೂರ್ತಿಯಾಗಿತ್ತು. ಇಲ್ಲವಾದರೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಅಂತ ಬಸ್ಸಿನಲ್ಲಿ ಮೈ ಮುರಿಸಿಕೊಂಡು ಬರಬೇಕಿತ್ತು. ಮರುವರ್ಷ ಊರಿನ ಮನೆ, ತೋಟ ಮಾರಿದೆವು. ಮಾರಿದೆವು ಅನ್ನುವುದಕ್ಕಿಂತ ಮಾರಿದೆ ಅನ್ನುವುದೇ ಸರಿ. ಕೋಥರೂಡಿನ ಫ್ಲಾಟಿನ ಸಾಲ ತೀರಬೇಕಿತ್ತು, ಮಗಳ ಓದು ಇತ್ತು, ಖಾಲಿ ಮನೆಗೆ ಗೆದ್ದಲು ಹಿಡಿಯುತ್ತಿತ್ತು. ಲೆಕ್ಕ ಎಲ್ಲ ಸರಿಯಾಗಿಯೇ ಇತ್ತು. ಅಮ್ಮ ಅಲ್ಲಿಂದ ತಂದದ್ದು ಎರಡು ತಾಮ್ರದ ಕೊಡ ಮತ್ತು ಹಳೇ ಸೀರೆಯಲ್ಲಿ ಸುತ್ತಿದ ಆ ಲಕ್ಷ್ಮಿ.

ಪಟಕ್ಕೆ ಹೊಸ ಚೌಕಟ್ಟು ಹಾಕಿಸೋಣ ಅಂತ ಗಾಜು ಬಿಚ್ಚಿದಾಗ ಮರದ ಪಟ್ಟಿಯಡಿ ಅಷ್ಟು ವರ್ಷ ಮುಚ್ಚಿಹೋಗಿದ್ದ ಸಣ್ಣ ಅಕ್ಷರಗಳು ಕಂಡವು. ರವಿವರ್ಮ ಪ್ರೆಸ್, ಕಾರ್ಲಾ, ಲೋಣಾವಳ. ಭೂತಗನ್ನಡಿ ಹಿಡಿದು ಮತ್ತೆ ಓದಿದೆ. ಲೋಣಾವಳ ಅಂದರೆ ನಮ್ಮ ಲೋಕಲ್ ರೈಲಿನ ಕೊನೆಯ ಸ್ಟೇಷನ್ನು! ಚಿಕ್ಕಂದಿನಲ್ಲಿ ನಾನು ಕೈಮುಗಿದ ಲಕ್ಷ್ಮಿ ಹುಟ್ಟಿದ್ದು ನಾನು ಈಗ ಕೂತ ಜಾಗದಿಂದ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ. ಅವಳು ಪರದೇಶಕ್ಕೆ ಬಂದದ್ದಲ್ಲ, ತವರಿಗೆ ಬಂದದ್ದು.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆಗೆದ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು, ಜನ ಊರು ಬಿಟ್ಟು ಓಡಿದರು. ಆ ಶತಮಾನ ಮುಗಿಯುವ ಹೊತ್ತಿಗೆ ಪ್ರೆಸ್ಸು ಘಟ್ಟದ ಮೇಲೆ, ಲೋಣಾವಳದ ಪಕ್ಕದ ಮಳವಲಿಗೆ ಬಂತು. ಕಲ್ಲಚ್ಚಿನ ಕೆಲಸ ಅಂದರೆ ಎಣ್ಣೆ ಮತ್ತು ನೀರಿನ ಜಗಳ. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು, ಕಲ್ಲಿಗೆ ನೀರು ಸವರಬೇಕು, ಆಮೇಲೆ ಎಣ್ಣೆಯ ಶಾಯಿ ಉರುಳಿಸಬೇಕು. ಶಾಯಿ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ, ಒದ್ದೆ ಕಲ್ಲು ಅದನ್ನು ತಳ್ಳುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು, ತಾವರೆಯೆಲೆಯ ಹಸಿರಿಗೆ ಇನ್ನೊಂದು. ಒಂದು ಕಲ್ಲು ಕೂದಲೆಳೆ ಜರುಗಿದರೂ ದೇವಿಯ ತುಟಿ ಗಲ್ಲಕ್ಕೆ ಹೋಗುತ್ತದೆ. ವ್ಯಾಪಾರದಲ್ಲಿ ರವಿವರ್ಮನಿಗೆ ಕೈಹತ್ತಲಿಲ್ಲ, ಸಾಲವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ತನ್ನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಷ್ಲೈಶರನಿಗೆ ಪ್ರೆಸ್ಸು ಮಾರಿದ. 1906ರಲ್ಲಿ ತೀರಿಕೊಂಡ. ಪ್ರೆಸ್ಸು ಮಾತ್ರ ದಶಕಗಟ್ಟಲೆ ನಡೆಯಿತು. 1972ರಲ್ಲಿ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋಯಿತು.

ಲಕ್ಷ್ಮಿಯ ಕತೆ ಇಷ್ಟು. ಅಮ್ಮನಿಗೆ ಹೇಳಿದೆ. ‘ಹೌದಾ’ ಅಂದಳು, ಅಷ್ಟೇ. ಪುಣೆಗೆ ಬಂದ ಮೇಲೆ ಅವಳ ಮಾತೇ ಅಷ್ಟಾಗಿತ್ತು. ಮರಾಠಿ ಬರುತ್ತಿರಲಿಲ್ಲ. ಊರಿನಲ್ಲಿ ಬೆಳಗಾದರೆ ಶೇಡಿ ಕಲಸಿ ತುಳಸಿಕಟ್ಟೆಯ ಮುಂದೆ ರಂಗವಲ್ಲಿ ಎಳೆಯುತ್ತಿದ್ದವಳು ಇಲ್ಲಿ ಬಾಗಿಲ ಮುಂದಿನ ನಾಲ್ಕಡಿ ಟೈಲ್ಸನ್ನು ನೋಡಿ ‘ಇದರಲ್ಲಿ ಕೈ ತಿರುಗುವುದಿಲ್ಲ’ ಅಂತ ಬಿಟ್ಟಿದ್ದಳು. ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡದ ಪಾರಿವಾಳ ನೋಡುವುದು, ಊಟ, ನಿದ್ದೆ.

ಇನ್ನೊಂದು ಚಿತ್ರ ಬಂದದ್ದು 2002ರಲ್ಲಿ. ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದ ರಾಶಿಯಲ್ಲಿ ಮಗಳ ಪಠ್ಯ ಹುಡುಕುತ್ತಿದ್ದಾಗ ಹರಿದ ರಟ್ಟಿನ ಒಂದು ಚಿತ್ರಸಂಪುಟ ಸಿಕ್ಕಿತು. ಕೆ.ಕೆ. ಹೆಬ್ಬಾರ್. ಹೆಸರು ನೋಡಿ ಕೈ ನಿಂತಿತು. ನಮ್ಮ ಕಡೆಯವರಲ್ಲವೇ!

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ. ಮನೆಮಾತು ತುಳು. ಚಿತ್ರ ಕಲಿಯುವ ಆಸೆ ಅವರನ್ನು ಮುಂಬಯಿಗೆ ಎಳೆಯಿತು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾ ಮಂದಿರದಲ್ಲಿ ಕಲಿತು, ಜೆ.ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದರು. ಕೆಲವು ವರ್ಷ ಅಲ್ಲಿಯೇ ಪಾಠವನ್ನೂ ಹೇಳಿದರು. ನಮ್ಮ ಕಡೆಯ ಹುಡುಗರು ಮುಂಬಯಿಗೆ ಹೋಗುವುದು ಹೋಟೆಲಿಗೆ ಇಲ್ಲವೇ ಬ್ಯಾಂಕಿಗೆ. ಈ ಮನುಷ್ಯ ಕುಂಚ ಹಿಡಿದು ಹೋದರು.

ಆ ಕಾಲದ ಮುಂಬಯಿಯಲ್ಲಿ ಚಿತ್ರ ಅಂದರೆ ಇಂಗ್ಲಿಷರು ಕಲಿಸಿದ ಹಾಗೆ ನೆರಳು ಬೆಳಕು ಹಾಕಿ ಇದ್ದದ್ದನ್ನು ಇದ್ದ ಹಾಗೆ ತೆಗೆಯುವುದು. ರವಿವರ್ಮನ ದಾರಿಯೂ ಹೆಚ್ಚು ಕಡಿಮೆ ಅದೇ. ಹೆಬ್ಬಾರರಿಗೆ ಅದು ಸಾಲಲಿಲ್ಲ. ಅಜಂತಾ, ಜೈನರ ಹಳೇ ಹಸ್ತಪ್ರತಿಗಳ ಚಿತ್ರ, ಅಮೃತಾ ಶೇರ್‌ಗಿಲ್‌ಳ ಕೆಲಸ ಇವೆಲ್ಲ ಅವರ ಕಣ್ಣು ತೆರೆಸಿದವು. ಮಲಬಾರಿನ ಕಡೆ ತಿರುಗಾಡಿ, ಕೆಂಪು ಮಣ್ಣು, ತೆಂಗು, ಹೆಂಚಿನ ಮಾಡು, ಕೆಲಸಕ್ಕೆ ಹೊರಟ ಹೆಂಗಸರು ಇವನ್ನೆಲ್ಲ ಅಗಲವಾದ ಬಣ್ಣದಲ್ಲಿ, ಗಟ್ಟಿ ಗೆರೆಯಲ್ಲಿ ಬರೆದರು. 1949–50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್ನಿನಲ್ಲಿ ಕಲಿತರು.

ಇಲ್ಲಿ ಒಂದು ಮಾತು. ಪರಊರಿನಲ್ಲಿ ಇರುವವರ ಪುಸ್ತಕದಲ್ಲಿ ಈ ಮಾತು ಬರಬೇಕು. ಆ ಒಂದೆರಡು ವರ್ಷದಲ್ಲಿ ಮುಂಬಯಿಯ ದೊಡ್ಡ ಕಲಾವಿದರು ಸಾಲಾಗಿ ಹಡಗು ಹತ್ತಿದರು. ಸೋಜಾ 1949ರಲ್ಲಿ ಲಂಡನ್ನಿಗೆ, ರಝಾ 1950ರಲ್ಲಿ ಪ್ಯಾರಿಸ್ಸಿಗೆ. ರಝಾ ಅಲ್ಲಿ ಅರವತ್ತು ವರ್ಷ ಇದ್ದು, ಕೊನೆಗಾಲಕ್ಕೆ ದಿಲ್ಲಿಗೆ ಮರಳಿದರು. ಹೆಬ್ಬಾರರು ಕಲಿತು ಮುಂಬಯಿಗೆ ವಾಪಸು ಬಂದರು. ಆದರೆ ಕಟ್ಟಿಂಗೇರಿಗೆ ಅಲ್ಲ. 1996ರ ಮಾರ್ಚ್ 26ರಂದು ತೀರಿಕೊಳ್ಳುವ ತನಕ ಮುಂಬಯಿಯೇ ಅವರ ಊರು. ಅಂದರೆ ನಮ್ಮ ಹಾಗೆಯೇ, ದೂರ ಅಂದರೆ ಒಂದು ರಾತ್ರಿಯ ದಾರಿ, ಆದರೂ ಹೋಗಿ ಇರಲಾಗದ ದೂರ. ಕಟ್ಟಿಂಗೇರಿಯನ್ನು ಹೆಸರಿನ ಮುಂದೆ ಒಂದು ‘ಕೆ’ ಮಾಡಿ ಇಟ್ಟುಕೊಂಡರು. ಉಳಿದದ್ದನ್ನು ಚಿತ್ರದಲ್ಲಿ ಇಟ್ಟರು.

ಹಾಗಂತ ಅವರು ಬರೀ ಊರಿನ ನೆನಪು ಬರೆದವರಲ್ಲ. 1952ರ ‘ಹಂಗ್ರಿ ಸೋಲ್’ ಎಂಬ ಚಿತ್ರಕ್ಕೆ ಹಸಿವೇ ವಸ್ತು. ಮನುಷ್ಯ ಚಂದ್ರನಿಗೆ ಹೋದ ಕಾಲದಲ್ಲಿ ಆಕಾಶವೂ ಅವರ ಚಿತ್ರಕ್ಕೆ ಬಂತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರು ಕೊಟ್ಟ ಚಿತ್ರಗಳಿವೆ. ಇದೆಲ್ಲ ದೊಡ್ಡ ವಿಷಯ. ನನ್ನಂಥವನ ಕೈ ಹಿಡಿದದ್ದು ಅವರ ಗೆರೆ. ಬಿಳಿ ಕಾಗದ, ಕಪ್ಪು ಗೆರೆ, ಬೇರೇನಿಲ್ಲ. ಕುಣಿಯುವವಳು, ಮದ್ದಳೆಯವನು, ಕೋಳಿ ಅಂಕ, ಎತ್ತಿನ ಗಾಡಿ, ಮಗುವನ್ನು ಸೊಂಟಕ್ಕೆ ಏರಿಸಿದ ತಾಯಿ. ದಿನಾ ಕಾಣುವ ಸಂಗತಿಗಳು. 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕಕ್ಕೆ ಇಟ್ಟ ಹೆಸರೇ ‘ದಿ ಸಿಂಗಿಂಗ್ ಲೈನ್’. ಹಾಡುವ ಗೆರೆ. ಲಯ ಅಂದರೇನು ಅಂತ ಮೈಯಿಂದಲೇ ತಿಳಿಯಬೇಕೆಂದು ಅವರು ಪಂಡಿತ್ ಸುಂದರ್ ಪ್ರಸಾದರ ಹತ್ತಿರ ಕಥಕ್ ಕಲಿತವರು. ವೇದಿಕೆ ಹತ್ತಲು ಅಲ್ಲ, ಗೆರೆ ಎಳೆಯಲು! ಕಾಲಿನಲ್ಲಿ ಕಲಿತದ್ದು ಕೈಗೆ ಬಂದಿದೆ ಅನ್ನುವುದು ಆ ಚಿತ್ರ ನೋಡಿದರೆ ಗೊತ್ತಾಗುತ್ತದೆ.

ನನಗೆ ಅದು ಗೊತ್ತಾದದ್ದು ಬ್ಯಾಂಕಿನ ವಿದ್ಯೆಯಿಂದ. ನಗಬೇಡಿ. ಚೆಕ್ಕು ಪಾಸು ಮಾಡುವವನು ದಿನಕ್ಕೆ ನೂರಾರು ರುಜು ನೋಡುತ್ತಾನೆ. ಆಗ ಕಂಪ್ಯೂಟರಿರಲಿಲ್ಲ. ಮಾದರಿ ರುಜುವಿನ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ಕಣ್ಣಿನಿಂದಲೇ ತಾಳೆ ನೋಡಬೇಕು. ಹೊಸಬನಾಗಿದ್ದಾಗ ನಾನು ಆಕಾರ ನೋಡುತ್ತಿದ್ದೆ. ಹಳೆಯ ಅಕೌಂಟೆಂಟರು ಹೇಳಿಕೊಟ್ಟರು: ಆಕಾರ ನೋಡಬೇಡ, ಓಟ ನೋಡು. ಕಳ್ಳ ರುಜುವಿನಲ್ಲಿ ಅಕ್ಷರ ಎಲ್ಲ ಸರಿಯಾಗಿಯೇ ಇರುತ್ತದೆ, ಆದರೆ ಕೈ ನಡುವೆ ನಿಂತಿರುತ್ತದೆ. ನಿಂತಲ್ಲಿ ಶಾಯಿ ಒಂದು ಚೂರು ದಪ್ಪವಾಗುತ್ತದೆ. ಸ್ವಂತ ರುಜುವಿನಲ್ಲಿ ಎರಡು ದಿನಕ್ಕೆ ಆಕಾರ ಬೇರೆಯಾದರೂ ಓಟ ಅದೇ. ಹೆಬ್ಬಾರರ ಗೆರೆಯಲ್ಲಿ ನಾನು ನೋಡಿದ್ದು ಅದು. ಕುಣಿಯುವವಳ ಹೆಗಲಿನಿಂದ ಹೊರಟ ಗೆರೆ ಸೊಂಟ, ಮೊಣಕಾಲು ದಾಟಿ ಹಿಮ್ಮಡಿಗೆ ಬರುವ ತನಕ ಎಲ್ಲೂ ನಿಂತಿಲ್ಲ. ತೆಳುವಾಗುತ್ತದೆ, ದಪ್ಪವಾಗುತ್ತದೆ, ಹೆದರುವುದಿಲ್ಲ. ಕಣ್ಣು ಮುಚ್ಚಿ ಪಾಸು ಮಾಡಬಹುದಾದ ಗೆರೆ.

ಪುಸ್ತಕ ಮನೆಗೆ ತಂದು ಅಮ್ಮನ ಮಡಿಲಲ್ಲಿಟ್ಟೆ. ನಮ್ಮ ಊರಿನ ಕಡೆಯವರು ಬರೆದದ್ದು ಅಂದೆ. ಅವಳು ಒಂದೊಂದೇ ಪುಟ ತಿರುವಿದಳು. ಕೊಡ ಹೊತ್ತ ಹೆಂಗಸೊಬ್ಬಳ ಚಿತ್ರದಲ್ಲಿ ನಿಂತಳು. ಏಳೆಂಟು ಗೆರೆ ಇರಬಹುದು ಅದರಲ್ಲಿ. ತುಳುವಿನಲ್ಲಿ ಅಂದಳು, ‘ಇವಳು ನೀರಿಗೆ ಹೋಗುತ್ತಾ ಇದ್ದಾಳೆ. ತರುತ್ತಾ ಇಲ್ಲ.’

ಹೇಗೆ ಗೊತ್ತು ಅಂದೆ.

‘ಕೊಡ ಖಾಲಿ. ತುಂಬಿದ ಕೊಡಕ್ಕೆ ಸೊಂಟ ಹೀಗೆ ಬರುವುದಿಲ್ಲ. ಕುತ್ತಿಗೆಯನ್ನೂ ಹೀಗೆ ತಿರುಗಿಸಲಾಗುವುದಿಲ್ಲ.’

ನಾನು ಆ ಚಿತ್ರವನ್ನು ಅದಕ್ಕೆ ಮೊದಲು ಹತ್ತು ಸಲವಾದರೂ ನೋಡಿದ್ದೆ. ಕೊಡದ ಭಾರ ನನಗೆ ಹೊಳೆದಿರಲಿಲ್ಲ. ಬಾವಿಯಿಂದ ನೀರು ಹೊತ್ತದ್ದು ಅವಳು ತಾನೇ, ನಾನಲ್ಲ. ಅಂದು ಸಂಜೆ ತನಕ ಅವಳು ಮಾತಾಡಿದಳು. ಕೋಳಿ ಅಂಕದಲ್ಲಿ ಅವಳ ಅಣ್ಣ ಸೋತು ಬಂದದ್ದು, ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ಹಾಡು, ಮೊದಲ ಮಳೆಗೆ ಅಂಗಳಕ್ಕೆ ಬರುತ್ತಿದ್ದ ಏಡಿ. ಮೂರು ವರ್ಷದಲ್ಲಿ ಆಡದೆ ಉಳಿದದ್ದೆಲ್ಲ ಬಂತು.

ಆಮೇಲೆ ಕೇಳಿದಳು, ‘ಇವರು ಮುಂಬಯಿಯಲ್ಲಿ ಇದ್ದರು ಅಂತೀಯ. ನೀನೂ ಇದ್ದೆಯಲ್ಲ. ನೋಡಿದ್ದೀಯಾ?’

ನಾನು 1986ರಿಂದ 91ರ ತನಕ ಮುಂಬಯಿಯ ಫೋರ್ಟಿನ ಶಾಖೆಯೊಂದರಲ್ಲಿದ್ದೆ. 1952ರಲ್ಲಿ ಶುರುವಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಅಲ್ಲಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಊಟ ಮುಗಿಸಿ ಅದರ ಮುಂದೆ ಎಷ್ಟೋ ಸಲ ನಡೆದಿದ್ದೇನೆ. ಟಿಕೇಟಿಲ್ಲ, ಯಾರೂ ತಡೆಯುವುದಿಲ್ಲ. ಒಂದು ದಿನವೂ ಮೆಟ್ಟಿಲು ಹತ್ತಲಿಲ್ಲ. ಅದು ದೊಡ್ಡವರ ಜಾಗ ಅಂತ ನನ್ನಷ್ಟಕ್ಕೆ ತೀರ್ಮಾನ. 96ರಲ್ಲಿ ಪೇಪರಿನಲ್ಲಿ ಸಾವಿನ ಸುದ್ದಿ ಓದಿದಾಗಲೂ ‘ನಮ್ಮವರು’ ಅಂತ ಒಂದು ಕ್ಷಣ ಅನ್ನಿಸಿ ಪುಟ ತಿರುವಿದ್ದೆ. ‘ಇಲ್ಲ, ನೋಡಿಲ್ಲ’ ಅಂದೆ.

ಆ ಮುಜುಗರ ಮುಚ್ಚಲಿಕ್ಕೋ ಏನೋ, ಅಮ್ಮನಿಗೆ ನನ್ನ ರುಜುವಿನ ಶಾಸ್ತ್ರ ಹೇಳತೊಡಗಿದೆ. ನೋಡಮ್ಮ, ಈ ಗೆರೆ ಎಲ್ಲೂ ನಿಂತಿಲ್ಲ, ಮನಸ್ಸಿಲ್ಲದ ಕೈ ನಡುವೆ ನಿಲ್ಲುತ್ತದೆ, ಶಾಯಿ ದಪ್ಪ ಬೀಳುತ್ತದೆ, ನಮಗೆ ಬ್ಯಾಂಕಿನವರಿಗೆ ತಕ್ಷಣ ತಿಳಿಯುತ್ತದೆ ಅಂತ. ಅವಳು ಪೂರ್ತಿ ಕೇಳಿಸಿಕೊಂಡಳು. ಪುಸ್ತಕದಿಂದ ಕಣ್ಣು ತೆಗೆಯದೆ ಅಂದಳು, ‘ಹಾಗಾದರೆ ಮನೆಯ ಪತ್ರಕ್ಕೆ ನಾನು ರುಜು ಹಾಕುವಾಗ ನಿನಗೆ ತಿಳಿಯಲಿಲ್ಲವಾ?’

ತಿಳಿದಿತ್ತು. ಅದನ್ನೇ ಇಲ್ಲಿ ಬರೆಯಬೇಕು ಅಂತ ಇಷ್ಟು ಸುತ್ತಿ ಬಂದೆ. ಉಪನೋಂದಣಿ ಕಚೇರಿಯ ಮೇಜಿನ ಮೇಲೆ ಅಮ್ಮ ಕನ್ನಡದಲ್ಲಿ ತನ್ನ ಹೆಸರು ಬರೆಯುವಾಗ ಎರಡನೆಯ ಅಕ್ಷರ ಮುಗಿಸಿ ಕೈ ನಿಲ್ಲಿಸಿದ್ದಳು. ಅಲ್ಲಿ ಶಾಯಿಯ ಒಂದು ಚುಕ್ಕೆ ಬಿದ್ದಿತ್ತು. ಬೇರೆ ಯಾರದೋ ಚೆಕ್ಕಾಗಿದ್ದರೆ ವಾಪಸು ಕಳಿಸುತ್ತಿದ್ದೆ. ‘ವಯಸ್ಸಾಯಿತಲ್ಲ, ಕೈ ನಡುಗುತ್ತದೆ’ ಅಂತ ಪಕ್ಕದಲ್ಲಿದ್ದವರಿಗೆ ನಾನೇ ಹೇಳಿದ್ದೆ. ಅವಳಿಗೆ ಆಗ ಕೈ ನಡುಗುವ ಕಾಯಿಲೆ ಏನೂ ಇರಲಿಲ್ಲ.

ನಾನು ಏನೂ ಹೇಳಲಿಲ್ಲ. ಅವಳೂ ಉತ್ತರಕ್ಕೆ ಕಾಯಲಿಲ್ಲ, ಪುಟ ತಿರುವಿದಳು. ಮರುದಿನ ಬೆಳಿಗ್ಗೆ ನಾನು ಹಾಲು ತರಲು ಬಾಗಿಲು ತೆಗೆದರೆ ಹೊರಗೆ ಟೈಲ್ಸಿನ ಮೇಲೆ ಬಿಳಿ ಪುಡಿಯಲ್ಲಿ ಒಂದು ಸಣ್ಣ ಬಳ್ಳಿ. ಇಲ್ಲಿನ ಅಂಗಡಿಯ ರಂಗೋಲಿ ಪುಡಿ, ಶೇಡಿಯ ಹಾಗೆ ಕೈಗೆ ಒಗ್ಗುವುದಿಲ್ಲ. ಆದರೂ ಗೆರೆ ಎಲ್ಲೂ ನಿಂತಿರಲಿಲ್ಲ. 2009ರಲ್ಲಿ ಅವಳು ಹೋಗುವ ತನಕ, ಮೈ ಸರಿಯಿದ್ದ ದಿನವೆಲ್ಲ ಹಾಕಿದಳು. ಕ್ಷಮಿಸಿದಳು ಅಂತ ನಾನು ಬರೆದುಕೊಂಡಿಲ್ಲ. ಆ ಖಾತೆ ಹಾಗೆಯೇ ಇದೆ.

ಈಗ ನನಗೂ ವಯಸ್ಸಾಯಿತು. ಉಡುಪಿಯಲ್ಲಿ ಹುಟ್ಟಿದ ಎರಡು ದೊಡ್ಡ ಬ್ಯಾಂಕುಗಳು, 1906ರ ಕಾರ್ಪೊರೇಷನ್ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, ನಾನು ನಿವೃತ್ತನಾದ ಎರಡನೇ ವರ್ಷಕ್ಕೆ, 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹೆಸರುಗಳು ಹೋಗುತ್ತವೆ. ಕೆಲವು ಮಾತ್ರ ಹೇಗೋ ಉಳಿಯುತ್ತವೆ. ಹೋದ ಚಳಿಗಾಲದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಲೋಕಲ್ ರೈಲಿನಲ್ಲಿ ಮಳವಲಿಗೆ ಹೋಗಿದ್ದೆ. ಲಕ್ಷ್ಮಿಯ ತವರು ತೋರಿಸಲು ಹೋದವನು ಕಾರ್ಲಾದ ಗುಹೆಗೂ ಹತ್ತಿದೆ. ಎರಡು ಸಾವಿರ ವರ್ಷದ ಹಿಂದೆ ಬಂಡೆಯೊಳಗೆ ಕೊರೆದ ದೊಡ್ಡ ಚೈತ್ಯ. ಬೇರೆ ಬೇರೆ ಊರಿನವರು ಒಂದೊಂದು ಕಂಬಕ್ಕೆ ದುಡ್ಡು ಕೊಟ್ಟು ಹೆಸರು ಕೆತ್ತಿಸಿದ್ದಾರೆ. ಅಲ್ಲಿನ ಒಂದು ಪ್ರಾಕೃತ ಶಾಸನ, ಈ ಕಲ್ಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಭೂತಪಾಲ ಎಂಬ ಸೆಟ್ಟಿ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಅಂತ ಹೇಳುತ್ತದೆ. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ಅನೇಕ ವಿದ್ವಾಂಸರ ಮತ. ಸೆಟ್ಟಿ ಅಂದರೆ ವ್ಯಾಪಾರಿ, ಲೇವಾದೇವಿಯವನು. ಒಟ್ಟಿನಲ್ಲಿ ನಮ್ಮ ಕಡೆಯ ಒಬ್ಬ ದುಡ್ಡಿನ ಲೆಕ್ಕದವನು ಘಟ್ಟದ ಈ ಮೂಲೆಗೆ ಬಂದು, ಊರಿನ ಹೆಸರು ಬಿಡದೆ, ಚಂದದ ಒಂದು ಕೆಲಸಕ್ಕೆ ದುಡ್ಡು ಕೊಟ್ಟು ಹೋಗಿದ್ದಾನೆ. ಜಹಾಂಗೀರಿನ ಮೆಟ್ಟಿಲು ಹತ್ತದ ನಾನು ಅವನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಮೊಮ್ಮಗಳಿಗೆ ಹಸಿವಾಗಿತ್ತು. ಕೆಳಗಿಳಿದು ವಡಾಪಾವ್ ತಿಂದೆವು. ಮನೆಗೆ ಬಂದ ಮೇಲೆ ಅವಳು ಆ ಹರಿದ ಪುಸ್ತಕ ತೆಗೆದು ನೋಡುತ್ತಾ ಕೊಡ ಹೊತ್ತವಳ ಹತ್ತಿರ ಬಂದಳು. ಅವಳ ಕನ್ನಡ ಅರ್ಧ ಮರಾಠಿ. ‘ಅಜ್ಜಾ, ಹೀ ಕುಠೆ ಹೋಗ್ತಾಳೆ?’ ಅಂದಳು.

ನೀರಿಗೆ ಅಂದೆ. ಹೇಗೆ ಗೊತ್ತು ಅಂತ ಅವಳೂ ಕೇಳಿದಳು. ಅಡುಗೆಮನೆಯ ಮೂಲೆಯಲ್ಲಿ ಅಮ್ಮನ ತಾಮ್ರದ ಕೊಡ ಇತ್ತು. ತಂದು ಅವಳ ಸೊಂಟದ ಮೇಲೆ ಇಟ್ಟು, ಬೀಳದ ಹಾಗೆ ಹಿಡಿದುಕೊಂಡೆ. ಮೊದಲು ಖಾಲಿ ಕೊಡ. ಆಮೇಲೆ ನಲ್ಲಿ ಬಿಟ್ಟು ಅರ್ಧ ತುಂಬಿಸಿದೆ.